ಅಂಬಾಸಿಡರ್, ಫಿಯಟ್ ಮತ್ತು ಮೈಸೂರಿಗೆ ತಪ್ಪಿದ ಕಾರ್ಖಾನೆ

ಅಂಬಾಸಿಡರ್ ಮೇಲೋ, ಫಿಯಟ್ ಮೇಲೋ? ಒಂದು ಕಾಲಕ್ಕೆ ಕೆ.ಆರ್. ಪೇಟೆ, ನಾಗಮಂಗಲಗಳ ಟ್ಯಾಕ್ಸಿ ಚಾಲಕರನ್ನು ಈ ಪ್ರಶ್ನೆ ಕೇಳಿದ್ದರೆ ಅರ್ಧ ದಿನ ಅಲ್ಲೇ ಕಳೆಯಬೇಕಾಗುತ್ತಿತ್ತು. ಈಗ ಎರಡೂ ತಯಾರಾಗುತ್ತಿಲ್ಲ. ಸಂಗ್ರಾಹಕರ ಪ್ರೀತಿಯ ವಸ್ತುಗಳಾಗಿವೆ. ಶ್ರೀರಂಗಪಟ್ಟಣದ ಸಮೀಪ ಹೆದ್ದಾರಿ ಬದಿಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಹಳೆಯ ಕಾರುಗಳ ಸಂಗ್ರಹಾಲಯ ‘ಪಯಣ’ 2023ರಲ್ಲಿ ತೆರೆದ ಮೇಲೆ ಇಂಥ ಕಾರುಗಳ ಕುತೂಹಲ ಈ ಭಾಗದಲ್ಲಿ ಮತ್ತೆ ಚಿಗುರಿದೆ.

ಎರಡನ್ನೂ ನಮ್ಮವೆಂದೇ ಕರೆದೆವು. ಆದರೆ ಎರಡರ ತವರೂ ಪರದೇಶವೇ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ಬಿರ್ಲಾ ಒಡೆತನದ ಹಿಂದೂಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅದನ್ನು ತಯಾರಿಸಿತು. ಇಟಲಿಯ ಫಿಯಟ್ 1100 ಮುಂಬೈನ ಕುರ್ಲಾದಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿಯಿಂದ ಹೊರಬಂತು. 1970ರ ದಶಕದಲ್ಲಿ ಅದಕ್ಕೆ ‘ಪದ್ಮಿನಿ’ ಎಂಬ ಹೆಸರು ಬಂತು.

ಇವೆರಡರ ಸ್ವಭಾವಕ್ಕೆ ಆಯಾ ದೇಶದ ತೆರಿಗೆಯೂ ಒಂದು ಕಾರಣವೆಂದರೆ ಅಚ್ಚರಿಯಾಗಬಹುದು! ಬ್ರಿಟನ್ನಿನಲ್ಲಿ 1940ರ ದಶಕದವರೆಗೆ ಕಾರಿನ ತೆರಿಗೆ ನಿಗದಿಯಾಗುತ್ತಿದ್ದುದು ಸಿಲಿಂಡರಿನ ಅಗಲ ಮತ್ತು ಸಂಖ್ಯೆಯ ಮೇಲೆ. ಹೀಗಾಗಿ ಅಗಲ ಕಡಿಮೆ, ಪಿಸ್ಟನ್ನಿನ ಓಡಾಟ ಉದ್ದ ಎಂಬ ರೂಢಿ ಬೆಳೆಯಿತು. ತೆರಿಗೆ ಹೋದರೂ ರೂಢಿ ಹೋಗಲಿಲ್ಲ. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನಿನಲ್ಲಿ ಸಿಲಿಂಡರಿನ ಅಗಲ 73 ಮಿ.ಮೀ., ಪಿಸ್ಟನ್ನಿನ ಓಡಾಟ 89 ಮಿ.ಮೀ. ಇಂಥ ಎಂಜಿನ್ ನಿಧಾನ ವೇಗದಲ್ಲೂ ಭಾರ ಎಳೆಯುತ್ತದೆ. ಇಟಲಿಯಲ್ಲಾದರೋ ತೆರಿಗೆಗೆ ಎಂಜಿನ್ನಿನ ಒಟ್ಟು ಗಾತ್ರವೇ ಆಧಾರ. ಆದ್ದರಿಂದ ಚಿಕ್ಕದಾಗಿ, ಚುರುಕಾಗಿ ತಿರುಗುವ ಎಂಜಿನ್ ಅಲ್ಲಿನವರ ಆಯ್ಕೆ. ಪದ್ಮಿನಿಯದು ಬರೀ 1089 ಸಿ.ಸಿ.

ಪರಿಣಾಮವನ್ನು ನಮ್ಮ ರಸ್ತೆಗಳೇ ಹೇಳಿದವು. ಕಬ್ಬಿನ ಗಾಡಿಗಳು ಕೊರೆದ ಪಾಂಡವಪುರದ ಹಳ್ಳಿ ದಾರಿಗಳಿಗೆ ದೊಡ್ಡ ಚಕ್ರದ, ಮನೆಮಂದಿಯನ್ನೆಲ್ಲ ತುಂಬಿಕೊಳ್ಳುವ ಅಂಬಾಸಿಡರ್ ಒಗ್ಗಿತು. ಹಗುರ ಮೈಯ, ಕಡಿಮೆ ಪೆಟ್ರೋಲ್ ಕುಡಿಯುವ ಫಿಯಟ್ ಪೇಟೆಯ ಇಕ್ಕಟ್ಟಿಗೆ, ಸ್ವಂತ ಕಾರು ಓಡಿಸುವವರಿಗೆ ಹಿಡಿಸಿತು. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ: ಬಹುಕಾಲ ಎರಡರಲ್ಲೂ ಗೇರು ಇದ್ದದ್ದು ಸ್ಟೀರಿಂಗ್ ಬಳಿ. ಹಾಗಾಗಿ ಮುಂದಿನ ಸೀಟಿನಲ್ಲಿ ಚಾಲಕನ ಪಕ್ಕ ಇಬ್ಬರು ಕೂರಬಹುದಿತ್ತು.

ಈ ಪೈಪೋಟಿಯಲ್ಲಿ ಮೈಸೂರಿನ ಪಾಲೂ ಇತ್ತೆಂಬುದು ಹಲವರಿಗೆ ತಿಳಿಯದು. ಕನ್ನಂಬಾಡಿ ಕಟ್ಟೆಯ ರೂವಾರಿ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯದಲ್ಲಿ ಅಮೆರಿಕ, ಯೂರೋಪುಗಳ ಕಾರು ಉದ್ಯಮವನ್ನು ಕಂಡು ಬಂದು ಸ್ವದೇಶಿ ಕಾರ್ಖಾನೆಗೆ ಯೋಜನೆ ಸಿದ್ಧಪಡಿಸಿದರು. ವಾಲ್‌ಚಂದರು ಕೈಜೋಡಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಲು ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ನೆರವಿಗೆ ಮುಂದಾಗಿತ್ತು. ಆದರೆ ಬ್ರಿಟಿಷ್ ಆಡಳಿತ ಬೆಂಬಲಿಸಲಿಲ್ಲ. ಯೋಜನೆ ಕಡತದಲ್ಲೇ ಉಳಿಯಿತು. ವಾಲ್‌ಚಂದರು ಮೈಸೂರಿನ ನೆರವಿನೊಂದಿಗೆ 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನ ಕಾರ್ಖಾನೆಯನ್ನು. ಅದೇ ಇಂದಿನ ಎಚ್‌ಎಎಲ್. ಅವರ ಕಾರು ಕಂಪನಿ ಪ್ರೀಮಿಯರ್ 1944ರಲ್ಲಿ ಮುಂಬೈನಲ್ಲಿ ಹುಟ್ಟಿತು.

ಮೇಲು ಯಾವುದೆಂಬ ವಾದವನ್ನು ಹಳೆಯ ಚಾಲಕರಿಗೇ ಬಿಡೋಣ. ಆದರೆ ಕನ್ನಂಬಾಡಿ ನೋಡಲು ಹೋಗುವಾಗ ದಾರಿಯಲ್ಲೊಂದು ಪದ್ಮಿನಿ ಎದುರಾದರೆ, ಆ ಕಟ್ಟೆ ಕಟ್ಟಿಸಿದವರೇ ನಮ್ಮ ನೆಲದಲ್ಲಿ ಕಾರನ್ನೂ ತಯಾರಿಸಲು ಹೊರಟಿದ್ದರೆಂಬುದು ನೆನಪಿರಲಿ.