ಸೀತೆಯ ದಂಡೆಯಲ್ಲಿ ಒಂದು ರಾತ್ರಿ

ಮಂಗಳೂರಿನ ಒಂದು ಮಗ್ಗುಲಲ್ಲಿ ನೇತ್ರಾವತಿ, ಇನ್ನೊಂದು ಮಗ್ಗುಲಲ್ಲಿ ಫಲ್ಗುಣಿ. ಎರಡೂ ಹೊಳೆಗಳು ಒಂದೇ ಅಳಿವೆ ಬಾಗಿಲಲ್ಲಿ ಕಡಲು ಸೇರುತ್ತವೆ. ಇಷ್ಟು ನೀರು ಸುತ್ತುವರಿದಿದ್ದರೂ, ಹೊಳೆಯ ಸದ್ದು ಕೇಳುತ್ತ ಡೇರೆಯಲ್ಲಿ ಮಲಗುವ ಆಸೆಯಾದರೆ ಮಂಗಳೂರಿನವರು ಮೂಡುಬಿದಿರೆ, ಕಾರ್ಕಳ ದಾಟಿ ಹೆಬ್ರಿಯತ್ತ ಹೊರಡುತ್ತಾರೆ. 80 ಕಿಲೋಮೀಟರ್ ಮೀರಿದ ಆ ದಾರಿ ಮುಗಿಯುವುದು ಸೀತಾನದಿ ನೇಚರ್ ಕ್ಯಾಂಪಿನಲ್ಲಿ.

ಹೆಬ್ರಿಯಿಂದ ಆಗುಂಬೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಬದಿಯಲ್ಲಿ, ಸೋಮೇಶ್ವರ ವನ್ಯಜೀವಿ ಧಾಮದ ಮಡಿಲಲ್ಲಿ ಈ ಕ್ಯಾಂಪ್ ಇದೆ. ಅರಣ್ಯ ಇಲಾಖೆ ಆರಂಭಿಸಿದ ಜಾಗ. ಈಗ ನಡೆಸುತ್ತಿರುವುದು ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ. ಡೇರೆ ಹೊತ್ತು ತರಬೇಕಿಲ್ಲ, ಇಲ್ಲಿಯೇ ಇವೆ. ಅಂಗಳದಿಂದ ನಾಲ್ಕು ಹೆಜ್ಜೆ ಇಳಿದರೆ ಸೀತಾ ಹೊಳೆ.

ಸೀತೆ ದೊಡ್ಡ ಹೊಳೆಯಲ್ಲ. ಮಳೆಗಾಲ ಕಳೆದ ಮೇಲಂತೂ ಬಂಡೆಗಳ ನಡುವೆ ಸಂದು ಹುಡುಕುತ್ತ, ಅಲ್ಲಲ್ಲಿ ಮಡುಗಟ್ಟಿ ನಿಂತು, ಮತ್ತೆ ಜಾರಿ ಹೋಗುವ ತಿಳಿನೀರು. ಅಂಚಿನ ಬಂಡೆಯ ಮೇಲೆ ಕುಳಿತು ಕಾಲು ಇಳಿಬಿಟ್ಟರೆ ಸಣ್ಣ ಮೀನುಗಳು ಬಂದು ಹಿಮ್ಮಡಿಗೆ ಮುತ್ತುತ್ತವೆ. ಹೆದ್ದಾರಿಯ ವಾಹನಗಳ ಸದ್ದು ಅಡಗಿದ ಮೇಲೆ ರಾತ್ರಿ ಉಳಿಯುವುದು ಜೀರುಂಡೆಗಳ ಶ್ರುತಿ ಮತ್ತು ನೀರಿನ ಸದ್ದು. ಡೇರೆಯ ಬಟ್ಟೆ ಗೋಡೆ ಯಾವ ಸದ್ದನ್ನೂ ತಡೆಯುವುದಿಲ್ಲ. ಕಾಂಕ್ರೀಟು ಕೋಣೆಯಲ್ಲಿ ಎಷ್ಟು ಹಣ ಕೊಟ್ಟರೂ ಸಿಗದ ಸುಖ ಅದು. ಬೆಳಗಾಗುತ್ತಿದ್ದಂತೆ ಮಂಗಟ್ಟೆ ಹಕ್ಕಿಯ ರೆಕ್ಕೆ ಬಡಿತ ಕೇಳಿಸಿದರೆ ಭಾಗ್ಯ. ಸಿಂಗಳೀಕ, ಕೆಂಜಳಿಲು, ಕಾಳಿಂಗ ಸರ್ಪ ಎಲ್ಲವೂ ಈ ಕಾಡಿನ ಒಕ್ಕಲುಗಳೇ.

ಇದೇ ನೀರು ಮುಂದೆ ತುಳುನಾಡಿನ ಹಳೆಯ ರಾಜಧಾನಿ ಬಾರ್ಕೂರನ್ನು ಬಳಸಿ, ಕೋಡಿಬೆಂಗ್ರೆಯ ಬಳಿ ಸುವರ್ಣಾ ನದಿಯ ಜೊತೆಗೂಡಿ ಕಡಲಿಗೆ ಸೇರುತ್ತದೆ.

ಮಳೆಗಾಲದಲ್ಲಿ ಹೊಳೆಯ ಸ್ವಭಾವವೇ ಬೇರೆ. ಬೆನ್ನಿಗಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ರಬ್ಬರ್ ದೋಣಿಗಳಲ್ಲಿ ರಾಫ್ಟಿಂಗ್ ನಡೆಯುವುದೂ ಆ ತಿಂಗಳುಗಳಲ್ಲೇ. ಕೆಳಗೆ ಬಿಸಿಲಿರುವಾಗಲೇ ಘಟ್ಟದ ಮೇಲೆ ಮಳೆ ಹೊಯ್ದಿರಬಹುದು. ನೀರು ಕೆಂಪಾಗಿ, ನೋಡನೋಡುತ್ತಲೇ ಏರಿಬಿಡುತ್ತದೆ. ಹೊಳೆಗೆ ಇಳಿಯಬೇಡಿ ಎಂದು ಸಿಬ್ಬಂದಿ ಹೇಳಿದರೆ ಅದಕ್ಕೆ ಎರಡನೆಯ ಮಾತಿಲ್ಲ. ಉಂಬಳಗಳ ಕಾಟವೂ ಆಗಲೇ ಹೆಚ್ಚು. ಮಕ್ಕಳನ್ನು ಕರೆತರುವವರಿಗೆ ನವೆಂಬರಿನಿಂದ ಫೆಬ್ರವರಿ ತನಕದ ದಿನಗಳು ಒಳ್ಳೆಯವು.

ಹೊಳೆಯ ದಂಡೆಯಲ್ಲಿ ರಾತ್ರಿ ಕಳೆಯಲು ಡೇರೆಯೊಂದೇ ದಾರಿಯಲ್ಲ. ಅಮೆರಿಕದ ಎಷ್ಟೋ ಸರ್ಕಾರಿ ಕ್ಯಾಂಪುಗಳಲ್ಲಿ ಡೇರೆಗೊಂದು ಕಡೆ, ಮನೆಯಂಥ ಕ್ಯಾರವಾನ್ ನಿಲ್ಲಿಸಲು ಇನ್ನೊಂದು ಕಡೆ ಜಾಗವಿರುತ್ತದೆ. ಗಾಡಿಗೆ ವಿದ್ಯುತ್ತು, ಕುಡಿಯುವ ನೀರು, ಕೊಳಚೆ ಸುರಿಯಲು ಗುಂಡಿ ಎಲ್ಲವೂ ಅಲ್ಲೇ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿ, ಮರುವರ್ಷ ವಾಗಮಣ್‌ನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ಸೀತಾನದಿಗೆ ಆ ವ್ಯವಸ್ಥೆ ಒಗ್ಗದು. ಮುಂದಿನ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವಿದೆ. ವನ್ಯಜೀವಿ ಧಾಮದ ಹೊಳೆಯಂಚಿನಲ್ಲಿ ಗಾಡಿಗಳ ಸಾಲು ನಿಂತರೆ ಜನ ಯಾವ ಮೌನವನ್ನು ಅರಸಿ ಬಂದರೋ ಅದೇ ಇಲ್ಲವಾಗುತ್ತದೆ.

ಕ್ಯಾರವಾನ್‌ಗಳಿಗೆ ತಕ್ಕ ಜಾಗ ಮಂಗಳೂರಿನಲ್ಲೇ ಇದೆ. ವಾಮಂಜೂರಿನ ಪಿಲಿಕುಳ ನಿಸರ್ಗಧಾಮಕ್ಕೆ ತಗುಲಿಕೊಂಡೇ ಫಲ್ಗುಣಿ ಹರಿಯುತ್ತದೆ. ಮೃಗಾಲಯ, ತುಳುನಾಡಿನ ಸಾಂಪ್ರದಾಯಿಕ ಗುತ್ತಿನ ಮನೆ, ವಿಜ್ಞಾನ ಕೇಂದ್ರ ನೋಡಲು ಬರುವವರಿಗೆ ದೊಡ್ಡ ಗಾಡಿ ಸಲೀಸಾಗಿ ಬರುವ ರಸ್ತೆಯೂ ಇದೆ. ಅಲ್ಲಿ ಹೊಳೆಯತ್ತ ಮುಖ ಮಾಡಿದ ಹತ್ತು ಡೇರೆ, ನಾಲ್ಕು ಕ್ಯಾರವಾನ್‌ಗಳಿಗೆ ಜಾಗ, ಶುಚಿಯಾದ ಶೌಚಾಲಯ, ರಾತ್ರಿ ಕಾವಲು ಇಷ್ಟನ್ನು ಒದಗಿಸಲು ಜಿಲ್ಲಾಡಳಿತ ಮನಸ್ಸು ಮಾಡಬೇಕು. ಅಲ್ಲಿಯವರೆಗೆ ಸೀತಾನದಿಗೆ ಹೋಗುವವರು ಮುಂಚಿತವಾಗಿ ಬುಕಿಂಗ್ ಮಾಡಿಕೊಳ್ಳಿ, ಟಾರ್ಚ್ ಮರೆಯದಿರಿ, ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಮರಳಿ ಊರಿಗೆ ತನ್ನಿ.