ಸೈನಿಕನ ಮನಸ್ಸು ನೋಡುವವರು ಎಲ್ಲಿ ಕಲಿಯಬೇಕು?

ಅಮೆರಿಕದಲ್ಲಿ ಸೇನಾ ಆಸ್ಪತ್ರೆಗಳೇ ಕ್ಲಿನಿಕಲ್ ಸೈಕಾಲಜಿ ವಿದ್ಯಾರ್ಥಿಗಳಿಂದ ಅರ್ಜಿ ಕರೆದು ವರ್ಷವಿಡೀ ತರಬೇತಿ ಕೊಡುತ್ತವೆ. ನಮ್ಮಲ್ಲಿ ಅಂಥ ದಾರಿ ಇನ್ನೂ ಆಗಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ವಿದ್ಯಾರ್ಥಿಗಳಿಗೆ ಇರುವ ದಾರಿಗಳು ಯಾವುವು? ಆಗಬೇಕಾದದ್ದು ಏನು?

ಅಗ್ನಿಪಥ ಯೋಜನೆಯಡಿ ನೇಮಕವಾದ ಅಗ್ನಿವೀರರ ಮೊದಲ ತಂಡ ಸೇನೆಯ ತರಬೇತಿ ಕೇಂದ್ರಗಳನ್ನು ಸೇರಿದ್ದು 2022–23ರ ಚಳಿಗಾಲದಲ್ಲಿ. ಸೇವಾವಧಿ ನಾಲ್ಕು ವರ್ಷ. ಅದು ಮುಗಿದ ಮೇಲೆ ನೂರಕ್ಕೆ 25ರವರೆಗೆ ಮಂದಿಯನ್ನು ಕಾಯಂ ಮಾಡಿಕೊಂಡು, ಉಳಿದವರನ್ನು ಸೇವಾನಿಧಿಯ ಇಡಿಗಂಟು ಕೊಟ್ಟು ಕಳಿಸುವುದು ಯೋಜನೆಯ ನಿಯಮ. ಹಿಂದೆ ಮಿಲ್ಟ್ರಿಗೆ ಹೋದವರು ಹದಿನೈದು ಇಪ್ಪತ್ತು ವರ್ಷ ದುಡಿದು, ಪಿಂಚಣಿ ಕಟ್ಟಿಕೊಂಡು, ಮಕ್ಕಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಊರು ಸೇರುತ್ತಿದ್ದರು. ಇನ್ನು ಮುಂದೆ ಗಡಿ ಕಂಡ ಹುಡುಗರು ಇಪ್ಪತ್ತೆರಡು ಇಪ್ಪತ್ತೈದರ ಹರೆಯದಲ್ಲೇ ಅಪ್ಪನ ಹೊಲಕ್ಕೋ ತೋಟಕ್ಕೋ ಮರಳುತ್ತಾರೆ. ಚನ್ನಗಿರಿಯ ಅಡಿಕೆ ಸೀಮೆಗೂ ಜಗಳೂರಿನ ಮಳೆಯಾಶ್ರಿತ ಬಯಲಿಗೂ, ಹೊನ್ನಾಳಿಯ ಹೊಳೆದಂಡೆಗೂ ನ್ಯಾಮತಿಯ ತಾಂಡಾಗಳಿಗೂ ಈ ಮಾತು ಒಂದೇ.

ಅವರಲ್ಲಿ ಬಹುಪಾಲು ಮಂದಿ ಗಟ್ಟಿಯಾಗಿಯೇ ಇರುತ್ತಾರೆ. ಕೆಲವರಿಗೆ ನಿದ್ದೆ ಹತ್ತುವುದಿಲ್ಲ. ಕೆಲವರು ಮಾತು ಕಡಿಮೆ ಮಾಡುತ್ತಾರೆ, ಕುಡಿತ ಹೆಚ್ಚು ಮಾಡುತ್ತಾರೆ, ಸಣ್ಣ ಸದ್ದಿಗೂ ಸಿಡುಕುತ್ತಾರೆ. ‘ರಜೆ ಮೇಲೆ ಬಂದಾಗಿಂದ ಹಿಂಗಾಗ್ಯಾನೆ’ ಎಂದು ಮನೆಯವರು ಹೇಳಿಕೊಳ್ಳುತ್ತಾರೆ. ಯಾರ ಹತ್ತಿರ ಕರೆದುಕೊಂಡು ಹೋಗಬೇಕೆಂದು ತಿಳಿಯದೆ ದೇವಸ್ಥಾನ, ಮಠ, ದರ್ಗಾ ಸುತ್ತುತ್ತಾರೆ. ಸೈನಿಕನ ಬದುಕನ್ನೂ ಬಲ್ಲ, ಮನಸ್ಸಿನ ಚಿಕಿತ್ಸೆಯನ್ನೂ ಕಲಿತ, ಕನ್ನಡದಲ್ಲಿ ಮಾತಾಡಿಸುವ ಒಬ್ಬರು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂತಾಗಬೇಕು. ಅಂಥವರನ್ನು ತಯಾರು ಮಾಡುವ ಓದು ಬೇಕು. ಆ ಓದಿನ ಒಂದು ಭಾಗವನ್ನು ಇದೇ ತಾಲ್ಲೂಕುಗಳಲ್ಲಿ ಕಲಿಸಬಹುದು ಎಂಬುದು ಈ ಲೇಖನದ ವಾದ.

ಆಯ್ಕೆಗೆ 80 ವರ್ಷ, ಆರೈಕೆಗೆ?

1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಪಡೆ ಜೋಧಪುರದ ಪಡೆಯ ಜೊತೆಗೂಡಿ ಹೈಫಾ ನಗರವನ್ನು ಗೆದ್ದಿತು. ಹೊನ್ನಾಳಿ, ಚನ್ನಗಿರಿಗಳು ಆಗ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಅದಕ್ಕೆ ಮೂರು ವರ್ಷ ಮೊದಲು, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಫಿರಂಗಿ ದಾಳಿಯ ನಡುವೆ ನೆನಪು, ದೃಷ್ಟಿ, ವಾಸನೆ, ರುಚಿ ಕಳೆದುಕೊಂಡ ಸೈನಿಕರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ‘ಶೆಲ್ ಶಾಕ್’ ಹೆಸರಿನಲ್ಲಿ ಬರೆದಿದ್ದರು. ಯುದ್ಧಾನಂತರದ ಮಾನಸಿಕ ಆಘಾತಕ್ಕೆ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯಲ್ಲಿ ಅಧಿಕೃತ ರೋಗದ ಸ್ಥಾನ ಸಿಗಲು 1980ರವರೆಗೆ ಕಾಯಬೇಕಾಯಿತು.

ಭಾರತದ ಸೇನೆಯೊಳಗೆ ಮನಶ್ಶಾಸ್ತ್ರ ಕಾಲಿಟ್ಟದ್ದು ಬೇರೆ ಬಾಗಿಲಿನಿಂದ. 1943ರಲ್ಲಿ ಡೆಹ್ರಾಡೂನಿನಲ್ಲಿ ಅಧಿಕಾರಿಗಳನ್ನು ಆರಿಸಲು ಪ್ರಾಯೋಗಿಕ ಮಂಡಳಿ ಶುರುವಾಯಿತು. 1949ರಲ್ಲಿ ಅದಕ್ಕೆ ಬೆಂಬಲವಾಗಿ ಸಂಶೋಧನಾ ವಿಭಾಗ ಹುಟ್ಟಿತು. ಅದೇ ಬೆಳೆದು ದಿಲ್ಲಿಯ ತಿಮಾರ್‌ಪುರದಲ್ಲಿರುವ ರಕ್ಷಣಾ ಮನೋವೈಜ್ಞಾನಿಕ ಸಂಶೋಧನಾ ಸಂಸ್ಥೆಯಾಯಿತು. ಡಿಐಪಿಆರ್ ಎಂಬ ಹೆಸರಿನ ಈ ಸಂಸ್ಥೆ ಡಿಆರ್‌ಡಿಒ ಅಧೀನದಲ್ಲಿದೆ.

ಎಸ್‌ಎಸ್‌ಬಿ ಎಂಬ ಸೇನಾಧಿಕಾರಿ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಹೋಗಿ ಬಂದವರಿಗೆ ಈ ಸಂಸ್ಥೆಯ ಕೆಲಸದ ಪರಿಚಯ ಇದ್ದೇ ಇರುತ್ತದೆ. ಐದು ದಿನದ ಆ ಪರೀಕ್ಷೆಯಲ್ಲಿ ಎರಡನೆಯ ದಿನ ಮನಶ್ಶಾಸ್ತ್ರದ್ದು. ಒಂದು ಖಾಲಿ ಹಾಳೆಯೂ ಸೇರಿ 12 ಚಿತ್ರಗಳಿಗೆ ಕಥೆ ಬರೆಯಬೇಕು. ತಲಾ 15 ಸೆಕೆಂಡಿನಂತೆ 60 ಪದಗಳಿಗೆ ವಾಕ್ಯ ಬರೆಯಬೇಕು. 30 ನಿಮಿಷದಲ್ಲಿ 60 ಸನ್ನಿವೇಶಗಳಿಗೆ ಉತ್ತರಿಸಬೇಕು. ಬೆಂಗಳೂರಿನ ಆಯ್ಕೆ ಕೇಂದ್ರದಲ್ಲೂ ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಯಲ್ಲೂ ಈ ಉತ್ತರಗಳನ್ನು ಓದಿ ವ್ಯಕ್ತಿತ್ವ ಅಳೆಯುವವರು ಡಿಐಪಿಆರ್ ವಿಜ್ಞಾನಿಗಳು, ಇಲ್ಲವೇ ಅಲ್ಲಿ ತರಬೇತಿ ಪಡೆದ ಸೇನಾಧಿಕಾರಿಗಳು.

ಅಂದರೆ ಒಳಗೆ ಬರುವವರನ್ನು ಅಳೆಯುವ ವಿದ್ಯೆ ನಮ್ಮಲ್ಲಿ 80 ವರ್ಷ ಬೆಳೆದಿದೆ. ಹೊರಗೆ ಬರುವವರ ಮಾತು ಕೇಳುವ ವಿದ್ಯೆ ಅಷ್ಟು ಬೆಳೆದಿಲ್ಲ. ಸೇನಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ; ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿ, ಅವರನ್ನು ತಯಾರು ಮಾಡುತ್ತದೆ. ಅವರು ಎಂಬಿಬಿಎಸ್ ಓದಿ ಬಂದವರು, ಔಷಧ ಬರೆಯಬಲ್ಲವರು. ವಾರಗಟ್ಟಲೆ ಕೂತು ಮಾತಿನ ಮೂಲಕ ಚಿಕಿತ್ಸೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಸಮವಸ್ತ್ರದೊಳಗೆ ಅಂಥ ನೇರ ದಾರಿಯಿಲ್ಲ.

ಅಮೆರಿಕದ ಅರ್ಜಿ ಹೇಗಿರುತ್ತದೆ

ಅಮೆರಿಕದಲ್ಲಿ ಕ್ಲಿನಿಕಲ್ ಸೈಕಾಲಜಿಯ ಡಾಕ್ಟರೇಟ್ ವಿದ್ಯಾರ್ಥಿ ಪದವಿಯ ಕೊನೆಯ ಘಟ್ಟದಲ್ಲಿ ಒಂದು ಪೂರ್ಣ ವರ್ಷ ಆಸ್ಪತ್ರೆಯಂಥ ಸೇವಾ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕು. ದೇಶಕ್ಕೆಲ್ಲ ಒಂದೇ ಅರ್ಜಿ ನಮೂನೆ. ಅದರಲ್ಲಿ ನಾಲ್ಕು ಪ್ರಬಂಧಗಳು: ತನ್ನ ಬದುಕಿನ ಪರಿಚಯ, ಚಿಕಿತ್ಸೆಯ ಬಗ್ಗೆ ತನ್ನ ನಿಲುವು, ಭಿನ್ನ ಹಿನ್ನೆಲೆಯ ಜನರೊಂದಿಗಿನ ಅನುಭವ, ತನ್ನ ಸಂಶೋಧನೆ. ಜೊತೆಗೆ ರೋಗಿಗಳೊಂದಿಗೆ ಕಳೆದ ಗಂಟೆಗಳ ಲೆಕ್ಕ, ಗುರುಗಳ ಶಿಫಾರಸು ಪತ್ರಗಳು. ಸಂದರ್ಶನ ಮುಗಿದ ಮೇಲೆ ವಿದ್ಯಾರ್ಥಿಗಳು ಆಸ್ಪತ್ರೆಗಳಿಗೂ ಆಸ್ಪತ್ರೆಗಳು ವಿದ್ಯಾರ್ಥಿಗಳಿಗೂ ಕ್ರಮಾಂಕ ಕೊಡುತ್ತಾರೆ; ಎರಡೂ ಪಟ್ಟಿಗಳನ್ನು ಕಂಪ್ಯೂಟರ್ ಹೊಂದಿಸುತ್ತದೆ.

ವಾಲ್ಟರ್ ರೀಡ್‌ನಂಥ ಸೇನಾ ಆಸ್ಪತ್ರೆಗಳೂ ಇದೇ ಪದ್ಧತಿಯಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ಆದರೆ ಅಲ್ಲಿಗೆ ಸೇರುವವರು ದೈಹಿಕ ಪರೀಕ್ಷೆ ಪಾಸಾಗಬೇಕು, ಭೂಸೇನೆಯಾದರೆ ಕ್ಯಾಪ್ಟನ್, ನೌಕಾಪಡೆಯಾದರೆ ಲೆಫ್ಟಿನೆಂಟ್ ದರ್ಜೆಯಲ್ಲಿ ಕಮಿಷನ್ ಪಡೆಯಬೇಕು, ತರಬೇತಿಯ ನಂತರ ಕೆಲವು ವರ್ಷ ಕಡ್ಡಾಯ ಸೇವೆ ಸಲ್ಲಿಸಬೇಕು. ಎಲ್ಲಕ್ಕಿಂತ ಮೊದಲು ಆ ದೇಶದ ಪೌರತ್ವ ಇರಬೇಕು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಈ ಅರ್ಜಿ ಹಾಕಬಹುದು. ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಅವಕಾಶವಿಲ್ಲ.

ಇಷ್ಟೆಲ್ಲ ಪ್ರತ್ಯೇಕ ತರಬೇತಿ ಏಕೆ ಬೇಕು? ಸೇನೆಯಲ್ಲಿ ಮನಸ್ಸಿನ ಚಿಕಿತ್ಸಕರಿಗೆ ಇಬ್ಬರ ಹೊಣೆಯಿರುತ್ತದೆ. ಎದುರಿಗೆ ಕೂತ ಸೈನಿಕನ ಗುಟ್ಟು ಕಾಯಬೇಕು; ಅವನ ಕೈಗೆ ಬಂದೂಕು ಕೊಡಬಹುದೇ ಎಂದು ಕೇಳುವ ಕಮಾಂಡರ್‌ಗೂ ಉತ್ತರ ಕೊಡಬೇಕು. ನಮ್ಮ ಸೇನೆಯ ವೈದ್ಯಕೀಯ ವರ್ಗೀಕರಣದಲ್ಲಿ ಐದು ಅಂಶಗಳಿವೆ: ಮಾನಸಿಕ ಸ್ಥಿತಿ, ಶ್ರವಣ, ಕೈಕಾಲು, ದೇಹಬಲ, ದೃಷ್ಟಿ. ಮೊದಲ ಅಂಶದಲ್ಲಿ ದರ್ಜೆ ಇಳಿದರೆ ಬಡ್ತಿಗೆ, ನೇಮಕಕ್ಕೆ ಪೆಟ್ಟು ಬೀಳುತ್ತದೆಂಬ ಭಯದಿಂದಲೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಯಾವುದನ್ನು ಕಡತಕ್ಕೆ ಸೇರಿಸಬೇಕು, ಯಾವುದನ್ನು ಎದೆಯಲ್ಲೇ ಇಟ್ಟುಕೊಳ್ಳಬೇಕು, ಅದನ್ನು ಸೈನಿಕನಿಗೆ ಮೊದಲೇ ಹೇಗೆ ತಿಳಿಸಬೇಕು ಎಂಬುದು ಪುಸ್ತಕ ಓದಿ ಬರುವ ವಿವೇಕವಲ್ಲ. ಹಿರಿಯರ ಪಕ್ಕದಲ್ಲಿ ಕೂತು, ನಿಜವಾದ ಪ್ರಕರಣಗಳ ನಡುವೆ ಕಲಿಯಬೇಕಾದದ್ದು.

ನಮ್ಮಲ್ಲಿರುವ ದಾರಿಗಳು

ಮನಶ್ಶಾಸ್ತ್ರಕ್ಕೆ ಕನ್ನಡ ನಾಡು ಹೊಸದಲ್ಲ. ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ‘ಆಕಾಶವಾಣಿ’ ಹೆಸರಿನ ಬಾನುಲಿ ಕೇಂದ್ರ ಆರಂಭಿಸಿದವರೂ ಅವರೇ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಂದಿಗೆ ಕೂಡಿ ನಿಮ್ಹಾನ್ಸ್ ಆಯಿತು. ವಿದ್ವಾಂಸ ಸಾ.ಕೃ. ರಾಮಚಂದ್ರರಾಯರು ಆ ಸಂಸ್ಥೆಯಲ್ಲಿ ಮನಶ್ಶಾಸ್ತ್ರ ಕಲಿಸಿದವರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗಗಳ ತಿಳಿವಳಿಕೆಯನ್ನು ಕನ್ನಡದ ಮನೆಮನೆಗೆ ತಲುಪಿಸಿದರು. ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಅದೇ ಕೆಲಸವನ್ನು ಆಸ್ಪತ್ರೆ, ಬರಹ, ಸಿನಿಮಾ ಮೂಲಕ ಮಾಡಿದರು.

ಇಂದು ಹೊನ್ನಾಳಿಯ ವಿದ್ಯಾರ್ಥಿನಿಯೊಬ್ಬಳು ಈ ಹಾದಿ ಹಿಡಿಯಬೇಕೆಂದರೆ ಮೊದಲ ಮೆಟ್ಟಿಲು ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎನ್ನಿಸಿಕೊಂಡು ಕೆಲಸ ಮಾಡಲು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ನೋಂದಣಿಗೆ ಇದುವರೆಗಿನ ಹೆದ್ದಾರಿ ಎರಡು ವರ್ಷದ ಎಂ.ಫಿಲ್.; ನಿಮ್ಹಾನ್ಸ್‌ನಲ್ಲೂ ಧಾರವಾಡದ ಡಿಮ್ಹಾನ್ಸ್‌ನಲ್ಲೂ ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಯುಜಿಸಿ 2022ರ ನಿಯಮದಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು, ಬಳಿಕ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025–26ರವರೆಗೆ ಮಾನ್ಯತೆ ಮುಂದುವರಿಸಿತು. ಆದ್ದರಿಂದ ಕೋರ್ಸಿನ ಹೆಸರು ನೋಡಿ ಹಣ ಕಟ್ಟಬಾರದು. ಅರ್ಜಿ ಹಾಕುವ ಆ ವರ್ಷಕ್ಕೆ ಆ ಕೋರ್ಸಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಖಚಿತ ಮಾಡಿಕೊಳ್ಳಬೇಕು.

ಅಲ್ಲಿಂದ ಸೇನೆಯ ಕಡೆಗೆ ಕೆಲವು ಕವಲುಗಳಿವೆ. ಡಿಆರ್‌ಡಿಒ ಮನಶ್ಶಾಸ್ತ್ರದ ವಿಜ್ಞಾನಿಗಳನ್ನು ಕರೆದಾಗ ಡಿಐಪಿಆರ್ ಸೇರುವುದು ಒಂದು. ನೌಕಾಪಡೆ ಮಾನಸಿಕ ಆರೋಗ್ಯ ಕೇಂದ್ರಗಳನ್ನು ತೆರೆದಿದ್ದು, ಅವುಗಳಲ್ಲೊಂದು ನಮ್ಮ ಕಾರವಾರದಲ್ಲೇ ಇದೆ. ಭೂಸೇನೆ ಮತ್ತು ವಾಯುಪಡೆಗೆ ‘ಮಾನಸಿಕ್ ಸಹಾಯತಾ’ ಸಹಾಯವಾಣಿಯಿದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮನಸ್ ದೂರವಾಣಿ ಸೇವೆಯ ವಿಶೇಷ ಘಟಕವೊಂದನ್ನು 2023ರ ಕೊನೆಗೆ ಸಶಸ್ತ್ರ ಪಡೆಗಳಿಗಾಗಿಯೇ ಎಎಫ್‌ಎಂಸಿಯಲ್ಲಿ ಪ್ರಾಯೋಗಿಕವಾಗಿ ತೆರೆಯಲಾಯಿತು. ನಾಗರಿಕ ಸಂಸ್ಥೆಯ ಅನುಭವವೂ ಸೇನೆಯ ಅಗತ್ಯವೂ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಬಹುದೆಂದು ಅದು ತೋರಿಸಿತು.

ಜಗಳೂರು ಕಲಿಸುವುದು

ಊರಿನಲ್ಲೇ ಚಿಕಿತ್ಸೆ ಎಂಬ ವಿಚಾರದಲ್ಲಿ ಈ ಸೀಮೆ ದೇಶಕ್ಕೇ ಪಾಠ ಹೇಳಿದೆ. 1980ರ ದಶಕದಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ.

ಜಗಳೂರು ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಮತ್ತು 1959ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ ಸೇರಿ, ತೀವ್ರ ಮನೋರೋಗ ಇರುವವರಿಗೆ ಸಮುದಾಯ ಆಧಾರಿತ ಪುನರ್ವಸತಿ ನಡೆಸಿದವು. ನಟಿ ದೀಪಿಕಾ ಪಡುಕೋಣೆ ಕಟ್ಟಿದ ಲಿವ್ ಲವ್ ಲಾಫ್ ಪ್ರತಿಷ್ಠಾನ 2016ರಿಂದ ದಾವಣಗೆರೆ ಜಿಲ್ಲೆಯಲ್ಲಿ ಎಪಿಡಿ ಜೊತೆ ಈ ಕೆಲಸಕ್ಕೆ ಬೆಂಬಲ ಕೊಟ್ಟಿತು. ಮನೆ ಹತ್ತಿರ ಸೇವೆ ಸಿಕ್ಕಾಗ ಕುಟುಂಬದ ಕೈಯಿಂದಾಗುವ ಖರ್ಚಿನ ಮೇಲೆ ಏನು ಪರಿಣಾಮವಾಗುತ್ತದೆ ಎಂಬ ಅಧ್ಯಯನವೂ ಜಗಳೂರಿನಲ್ಲೇ ನಡೆಯಿತು. ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವವರ ಊಟ ಇವೆಲ್ಲ ಸೇರಿಯೇ ಒಬ್ಬರು ಚಿಕಿತ್ಸೆ ಮುಂದುವರಿಸುತ್ತಾರೋ ಬಿಡುತ್ತಾರೋ ಎಂಬುದು ತೀರ್ಮಾನವಾಗುತ್ತದೆ. ನಗರದ ಆಸ್ಪತ್ರೆಯಲ್ಲಿ ಕಲಿತವರಿಗೆ ಈ ಲೆಕ್ಕ ಕಾಣಿಸುವುದು ಕಷ್ಟ.

ಇದಕ್ಕೆ ಬೇಕಾದ ಜನಬಲವೂ ಇಲ್ಲಿದೆ. ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆಯ ಪರಿಚಯವಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡನ್ನು ರಾಜ್ಯ ಸರ್ಕಾರ ಮಾಡಿತು. ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಈ ಸರಪಳಿಯಲ್ಲಿ ಇಲ್ಲದ ಕೊಂಡಿ ಒಂದೇ: ಸೈನಿಕ ಕುಟುಂಬವನ್ನು ಗುರುತಿಸಿ, ಅವರ ಬದುಕಿನ ರೀತಿ ತಿಳಿದು ಮಾತಾಡಿಸುವವರು. ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಏನು ನಡೆಯುತ್ತದೆ, ಗಂಡ ಗಡಿಯಲ್ಲಿದ್ದಾಗ ಹೆಂಡತಿ ಎರಡು ಮನೆಗಳ ಭಾರ ಹೇಗೆ ಹೊರುತ್ತಾಳೆ, ಕಾಯಂ ಆಗದೆ ಮರಳಿದ ಅಗ್ನಿವೀರನನ್ನು ಊರು ಯಾವ ಕಣ್ಣಿನಿಂದ ನೋಡುತ್ತದೆ ಎಂಬುದನ್ನು ಅರಿತವರು.

ಒಂದು ವರ್ಷ, ಮೂರು ಜಾಗ

ಹಾಗಾಗಿ ಕೇಳಬೇಕಾದದ್ದು ಇಷ್ಟು. ನಿಮ್ಹಾನ್ಸ್‌ನಂಥ ಸಂಸ್ಥೆ, ಬೆಂಗಳೂರಿನಲ್ಲೇ ಇರುವ ವಾಯುಪಡೆಯ ಕಮಾಂಡ್ ಆಸ್ಪತ್ರೆಯಂಥ ಸೇನಾ ಆಸ್ಪತ್ರೆ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಸೇರಿ ಕ್ಲಿನಿಕಲ್ ಸೈಕಾಲಜಿ ಸಂಶೋಧನಾರ್ಥಿಗಳಿಗೆ ಒಂದು ವರ್ಷದ ಮಾನ್ಯತೆ ಪಡೆದ ಇಂಟರ್ನ್‌ಶಿಪ್ ರೂಪಿಸಬೇಕು. ಮೊದಲ ಭಾಗ ನಿಮ್ಹಾನ್ಸ್‌ನಲ್ಲಿ, ಎರಡನೆಯದು ಸೇನಾ ಆಸ್ಪತ್ರೆಯಲ್ಲಿ, ಮೂರನೆಯದು ಜಗಳೂರು, ನ್ಯಾಮತಿಯಂಥ ತಾಲ್ಲೂಕಿನಲ್ಲಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಮಾಜಿ ಸೈನಿಕರ ಮನೆಗಳಿಗೆ ದಾರಿ ತೋರಿಸಬೇಕು. ಶಿಷ್ಯವೇತನ ತರಬೇತಿಯುದ್ದಕ್ಕೂ ಸಿಗಬೇಕು. ಇಲ್ಲದಿದ್ದರೆ ಕೃಷಿ ಕುಟುಂಬದ ಮಕ್ಕಳು ಅರ್ಜಿಯನ್ನೇ ಹಾಕಲಾರರು.

ಅದು ಆಗುವವರೆಗೂ ವಿದ್ಯಾರ್ಥಿಗಳು ಕೈಕಟ್ಟಿ ಕೂರಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಅನುಮತಿ ಪಡೆದು ತಾಲ್ಲೂಕು ಆಸ್ಪತ್ರೆಯಲ್ಲಿ ಕೂತು ನೋಡಿ. ಮೇಲ್ವಿಚಾರಣೆಯಲ್ಲಿ ಕಳೆದ ಪ್ರತಿ ಗಂಟೆಗೂ ದಾಖಲೆ ಇಡಿ. ಹಿಂದಿ ಕಲಿಯಿರಿ, ತಾಂಡಾದ ಲಂಬಾಣಿ ಮಾತು ಬಂದರೆ ಅದನ್ನು ಅರ್ಜಿಯಲ್ಲಿ ಕಾಣುವಂತೆ ಬರೆಯಿರಿ. ‘ದೇಶಸೇವೆಯ ಆಸೆ’ ಎಂಬ ಸಾಲು ಎಲ್ಲರ ಅರ್ಜಿಯಲ್ಲೂ ಇರುತ್ತದೆ. ನಿಮ್ಮ ಊರಿನಲ್ಲಿ ಸೇನೆಯಿಂದ ಮರಳಿದವರ ಮನೆಗಳಲ್ಲಿ ನೀವು ಗಮನಿಸಿದ್ದನ್ನು, ಹೆಸರು ಗುರುತು ಬಿಟ್ಟುಕೊಡದೆ ಬರೆದರೆ ಅದು ನಿಮ್ಮೊಬ್ಬರದೇ ಅರ್ಜಿಯಾಗುತ್ತದೆ.

ಇಂದೇ ನೆರವು ಬೇಕಾದ ಮನೆಗಳಿಗೆ ಟೆಲಿ-ಮನಸ್ 14416 ಉಚಿತವಾಗಿ, ಹಗಲಿರುಳೂ, ಕನ್ನಡದಲ್ಲೇ ಸಿಗುತ್ತದೆ. ಆದರೆ ಫೋನಿನ ಆಚೆ ಬದಿಗೆ ನುರಿತವರು ಬೇಕಲ್ಲವೇ? ಅಗ್ನಿವೀರರ ತಂಡಗಳು ಇನ್ನು ವರ್ಷವರ್ಷವೂ ಮರಳುತ್ತವೆ. ಅವರನ್ನು ಮಾತಾಡಿಸಬಲ್ಲವರನ್ನೂ ಅದೇ ಲೆಕ್ಕದಲ್ಲಿ ವರ್ಷವರ್ಷವೂ ತಯಾರು ಮಾಡುವುದು ರಾಜ್ಯ, ಸೇನೆ ಮತ್ತು ವಿಶ್ವವಿದ್ಯಾಲಯಗಳ ಕೂಡು ಹೊಣೆ.