ಎರೆಮಣ್ಣಿನ ಕಾರಿಗೆ ನೊರೆಯ ಪರೀಕ್ಷೆ

ಮುಧೋಳ, ಮಹಾಲಿಂಗಪುರ ಸೀಮೆಯಲ್ಲಿ ಕಬ್ಬಿನ ಹಂಗಾಮು ಆರಂಭವಾಯಿತೆಂದರೆ, ಹೊಲದ ಎರೆಮಣ್ಣು, ಬೆಲ್ಲದ ಜಿಗುಟು ಹಾಗೂ ಅಂಗೈಯ ಎಣ್ಣೆಜಿಡ್ಡು ಒಂದುಗೂಡಿ ಕಾರಿನ ಸೀಟು, ಸ್ಟೀರಿಂಗ್‌ಗಳ ಮೇಲೆ ಕಪ್ಪು ಪದರವಾಗಿ ಕೂರುತ್ತವೆ. ಎರೆಮಣ್ಣಿನಲ್ಲಿ ನೀರು ಹೀರಿ ಉಬ್ಬುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜವಿದ್ದು, ಅದು ಒದ್ದೆಯಾದರೆ ಬಟ್ಟೆಯ ಎಳೆಗಳಿಗೆ ಮೆತ್ತಿಕೊಳ್ಳುವುದರಿಂದ, ನೊರೆ ಕ್ಲೀನರ್ ಪರೀಕ್ಷಿಸುವ ಮುನ್ನ ಒಣಧೂಳನ್ನು ವ್ಯಾಕ್ಯೂಮ್‌ನಿಂದ ಎಳೆದುಬಿಡಬೇಕು. ಜಾಹೀರಾತುಗಳು ಈ ಹಂತವನ್ನು ಜಾಣತನದಿಂದ ಮರೆಯುತ್ತವೆ. ಕ್ಲೀನರಿನ ಸರ್ಫ್ಯಾಕ್ಟಂಟ್, ಅಂದರೆ ಒಂದು ತುದಿಯಿಂದ ನೀರನ್ನೂ ಇನ್ನೊಂದರಿಂದ ಜಿಡ್ಡನ್ನೂ ಹಿಡಿಯುವ ಅಣು, ಎಣ್ಣೆಯನ್ನು ಸುತ್ತುವರಿದು ಮೇಲೆತ್ತುತ್ತದೆ. ಬೆಲ್ಲದ ಕಲೆಗಾದರೋ, ಸಕ್ಕರೆ ನೀರಿನಲ್ಲೇ ಕರಗುವುದರಿಂದ, ಬೆಚ್ಚನೆಯ ಒದ್ದೆ ಬಟ್ಟೆಯೇ ಸಾಕು. ಕ್ಲೀನರಿನ ನೊರೆಯನ್ನು ಮೊದಲು ಸೀಟಿನಡಿಯ ಮರೆಯಂಚಿನಲ್ಲಿ ಸವರಿ ನೋಡಿದಾಗ, ಒರೆಸಿದ ಬಿಳಿ ಬಟ್ಟೆಗೆ ಮಣ್ಣಿನ ಬದಲು ಸೀಟಿನ ಬಣ್ಣವೇ ಹತ್ತಿದರೆ, ಆ ಬಾಟಲಿಯನ್ನು ಬದಿಗಿಡುವುದೇ ಸರಿ.